ಮೊದಲು ಫ್ಯಾಕ್ಟರ್, ಆಮೇಲೆ ಮಾತ್ರೆ: ಹಿಮೋಫಿಲಿಯಾ ಇರುವ ಒಬ್ಬರ ಮಂಡಿ ಬದಲಾವಣೆ ಮತ್ತು ನೋವಿನ ಲೆಕ್ಕ

ವಯಸ್ಸು 41, ತೂಕ 62 ಕಿಲೋ. ತೀವ್ರ ಹಿಮೋಫಿಲಿಯಾ ಎ, ಅಂದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಶೇಕಡಾ 1ಕ್ಕಿಂತ ಕಡಿಮೆ. ಇನ್ಹಿಬಿಟರ್, ಅಂದರೆ ಕೊಟ್ಟ ಫ್ಯಾಕ್ಟರನ್ನು ಕೆಡಿಸುವ ಪ್ರತಿಕಾಯ, ಇಲ್ಲ. ಬಲ ಮಂಡಿ ಪೂರ್ತಿ ಸವೆದಿದೆ. ಕಾಲು ನೆಟ್ಟಗಾಗುವುದಿಲ್ಲ, 25 ಡಿಗ್ರಿ ಮಡಚಿಕೊಂಡೇ ನಿಂತಿದೆ, ಬಗ್ಗಿಸಿದರೂ 70 ಡಿಗ್ರಿ ದಾಟುವುದಿಲ್ಲ. ಮಧ್ಯ ಕರ್ನಾಟಕದ ಒಂದು ಸಣ್ಣ ಊರು, ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ, ಹೆಂಡತಿ, ಒಬ್ಬಳು ಮಗಳು. ಹೆಸರು ಬೇಡ, ಇಲ್ಲಿ ಸುಮ್ನೆ 'ಅವರು' ಅಂತಲೇ ಬರೆಯುತ್ತೇನೆ. ನಾನು ಅವರ ಫಿಸಿಯೋಥೆರಪಿಸ್ಟ್. ಡಾಕ್ಟರ್ ರೌಂಡ್ಸಿಗೆ ಬಂದು ಹೋಗುತ್ತಾರೆ, ಆದರೆ ಆ ಕಾಲನ್ನು ದಿನಾ ಕೈಯಲ್ಲಿ ಹಿಡಿದು ಬಗ್ಗಿಸುವವರು ನಾವು. ಹಾಗಾಗಿ ನೋವಿನ ಕಥೆ ನಮಗೆ ಸ್ವಲ್ಪ ಜಾಸ್ತಿನೇ ಗೊತ್ತಿರುತ್ತದೆ.

ಮಂಡಿ ಬದಲಿಸಿಕೊಂಡವರಿಗೆಲ್ಲ ನೋವು ಇದ್ದೇ ಇರುತ್ತದೆ, ಇದರಲ್ಲೇನು ವಿಶೇಷ ಅಂತ ಕೇಳಬಹುದು. ಬೇರೆಯವರಲ್ಲಿ ನೋವು ಏರಿದರೆ ನೋವಿನ ಔಷಧಿ ಏರಿಸುತ್ತೇವೆ. ಇವರಲ್ಲಿ ನೋವು ಏರಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಕಳೆದ ಫ್ಯಾಕ್ಟರ್ ಡೋಸ್ ಎಷ್ಟು ಹೊತ್ತಿಗೆ ಹೋಯಿತು ಅಂತ. ಈ ಒಂದು ಪ್ರಶ್ನೆ ಕೇಳದೆ ಮಾತ್ರೆ ಕೊಟ್ಟರೆ ಒಳಗಿನ ರಕ್ತಸ್ರಾವ ಮುಚ್ಚಿಹೋಗುತ್ತದೆ, ನಿಲ್ಲುವುದಿಲ್ಲ. ಈ ಕೇಸಿನಲ್ಲಿ ಏನೇನು ಔಷಧಿ ಕೊಟ್ಟರು ಅನ್ನೋದಕ್ಕಿಂತ ಯಾವ ಹೊತ್ತಿಗೆ ಕೊಟ್ಟರು ಅನ್ನೋದು ಮುಖ್ಯವಾಯಿತು. ಅದನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮಂಡಿ ಹೀಗಾಗಿದ್ದು ಹೇಗೆ

ಅವರು ಹುಟ್ಟಿದ್ದು 80ರ ದಶಕದ ಶುರುವಿನಲ್ಲಿ. ಆಗ ನಮ್ಮ ತಾಲ್ಲೂಕುಗಳಲ್ಲಿ ಫ್ಯಾಕ್ಟರ್ ಅನ್ನೋ ಹೆಸರನ್ನೇ ಯಾರೂ ಕೇಳಿರಲಿಲ್ಲ. ಮಂಡಿ ಊದಿದರೆ ಎಣ್ಣೆ ಹಚ್ಚಿ ಎಲೆ ಕಟ್ಟುತ್ತಿದ್ದರು, ಇನ್ನೂ ಜೋರಾದರೆ ದೊಡ್ಡಾಸ್ಪತ್ರೆಗೆ ಹೋಗಿ ಪ್ಲಾಸ್ಮಾ ಹಾಕಿಸಿಕೊಂಡು ಬರುತ್ತಿದ್ದರು. ಯಾರೋ ಗೊತ್ತಿಲ್ಲದೆ ಉಜ್ಜಿ ಮಾಲೀಶು ಮಾಡಿದ್ದೂ ಉಂಟಂತೆ. ಕೀಲಿನೊಳಗೆ ರಕ್ತ ಸೇರಿದಾಗ ಅದರಲ್ಲಿರುವ ಕಬ್ಬಿಣ ಒಳಪದರದಲ್ಲಿ ಉಳಿದುಬಿಡುತ್ತದೆ. ಆ ಪದರ ದಪ್ಪವಾಗುತ್ತದೆ, ಅದರಲ್ಲಿ ಹೊಸ ಸಣ್ಣ ರಕ್ತನಾಳಗಳು ಹುಟ್ಟುತ್ತವೆ, ಅವು ತುಂಬಾ ನಾಜೂಕು, ಸುಲಭವಾಗಿ ಒಡೆಯುತ್ತವೆ, ಮತ್ತೆ ರಕ್ತ. ಆರು ತಿಂಗಳೊಳಗೆ ಒಂದೇ ಕೀಲಿನಲ್ಲಿ ತಾನಾಗಿಯೇ ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಬ್ಲೀಡ್ ಆದರೆ ಅದನ್ನು ಟಾರ್ಗೆಟ್ ಜಾಯಿಂಟ್ ಅನ್ನುತ್ತಾರೆ. ಇವರ ಬಲ ಮಂಡಿ ಪ್ರೈಮರಿ ಸ್ಕೂಲಿನಲ್ಲೇ ಟಾರ್ಗೆಟ್ ಜಾಯಿಂಟ್ ಆಗಿತ್ತು. ಇಪ್ಪತ್ತೈದು ವಯಸ್ಸಿಗೆಲ್ಲ ಮೃದ್ವಸ್ಥಿ ಹೋಗಿ ಮೂಳೆಗೆ ಮೂಳೆ ಉಜ್ಜುತ್ತಿತ್ತು. ಎಡ ಮಂಡಿ, ಎಡ ಮೊಣಕೈ ಕೂಡ ಚೆನ್ನಾಗಿಲ್ಲ. ಮೊಣಕೈ ವಿಷಯ ಆಮೇಲೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಪ್ಲಾಸ್ಮಾ ಕಾಲದ ಇನ್ನೊಂದು ಉಳಿಕೆ ಹೆಪಟೈಟಿಸ್ ಸಿ. ಈಗಿನ ಮಾತ್ರೆಗಳಿಂದ ವೈರಸ್ ಪೂರ್ತಿ ಹೋಗಿದೆ, ಆದರೆ ಲಿವರ್ ಸ್ವಲ್ಪ ಗಟ್ಟಿಯಾಗಿದೆ. ನೋವಿನ ಔಷಧಿ ಆರಿಸುವಾಗ ಇದು ಲೆಕ್ಕಕ್ಕೆ ಬರುತ್ತದೆ.

ತಮ್ಮ ಕಾಯಿಲೆ ಏನು ಅಂತ ಸರಿಯಾಗಿ ಗೊತ್ತಾಗಿದ್ದೇ ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಪರಿಚಯ ಆದ ಮೇಲೆ ಅಂತ ಅವರು ಹೇಳುತ್ತಾರೆ. ಅದನ್ನು ಕಟ್ಟಿ ಬೆಳೆಸಿದ ಡಾ. ಸುರೇಶ್ ಹನಗವಾಡಿ ಅವರಿಗೂ ಹಿಮೋಫಿಲಿಯಾ ಇದೆ, ಹಾಗಾಗಿ ಅಲ್ಲಿ 'ನಿಮಗೆ ಗೊತ್ತಾಗಲ್ಲ ಬಿಡಿ' ಅನ್ನೋ ಮಾತಿಗೆ ಜಾಗವೇ ಇಲ್ಲ. ಮನೆಯಲ್ಲೇ ತಾವೇ ನರಕ್ಕೆ ಫ್ಯಾಕ್ಟರ್ ಚುಚ್ಚಿಕೊಳ್ಳುವುದನ್ನು ನಮ್ಮ ಈ ರೋಗಿ ಮೂವತ್ತು ದಾಟಿದ ಮೇಲೆ ಕಲಿತರು. ಈ ಕೇಸಿನಲ್ಲಿ ಅವರ ಮಂಡಿಯನ್ನು ಉಳಿಸಿದ್ದು ಆ ಒಂದು ವಿದ್ಯೆ.

ಇನ್ನು ನೋವಿನ ಚರಿತ್ರೆ. ಆಪರೇಷನ್‌ಗೆ ಮುಂಚೆ ಇದನ್ನು ಕೂತು ಕೇಳುವವರು ಕಡಿಮೆ. ಎಕ್ಸ್‌ರೇ ನೋಡುತ್ತಾರೆ, ರಕ್ತ ನೋಡುತ್ತಾರೆ, ಇಷ್ಟು ವರ್ಷ ನೋವಿಗೆ ಏನು ತಿನ್ನುತ್ತಿದ್ದೆ ಅಂತ ಕೇಳುವುದಿಲ್ಲ. ಇವರು ಮೆಡಿಕಲ್ ಸ್ಟೋರಿನಿಂದ ಚೀಟಿ ಇಲ್ಲದೆ ಡೈಕ್ಲೋಫೆನಾಕ್ ತರಿಸಿಕೊಂಡು ವರ್ಷಗಟ್ಟಲೆ ನುಂಗಿದ್ದರು. ಒಂದು ಸಲ ಮಲ ಟಾರಿನ ಹಾಗೆ ಕಪ್ಪಾಗಿ ಹೋಗಿ ಆಸ್ಪತ್ರೆ ಸೇರಿದ್ದರು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಿತ್ತು. ಫ್ಯಾಕ್ಟರ್ ಇಲ್ಲದ ಮನುಷ್ಯನಿಗೆ ಪ್ಲೇಟ್‌ಲೆಟ್ ಕೆಲಸವನ್ನೂ ಕೆಡಿಸುವ ಮಾತ್ರೆ ಕೊಟ್ಟರೆ ಇನ್ನೇನಾಗುತ್ತದೆ? ಆಮೇಲೆ ಯಾರೋ ಡಾಕ್ಟರ್ ಮಾರ್ಫಿನ್ ಜಾತಿಯ ಟ್ರಮಡಾಲ್‌ಗೆ ಬದಲಿಸಿದರು. ಅದು ಬೇಕಾದಾಗ ಒಂದು ಅಂತ ಶುರುವಾಗಿ, ಆಪರೇಷನ್ ಹೊತ್ತಿಗೆ ದಿನಾ 50 ಮಿಲಿಗ್ರಾಮಿನ ಮೂರು ಮಾತ್ರೆಗೆ ಬಂದು ನಿಂತಿತ್ತು. ಅಂದರೆ ಆಪರೇಷನ್ ಟೇಬಲ್ ಹತ್ತುವಾಗಲೇ ಅವರ ಮೈ ಈ ಜಾತಿಯ ಔಷಧಿಗೆ ಒಗ್ಗಿಹೋಗಿತ್ತು. ಎಲ್ಲರಿಗೂ ಸಾಕಾಗುವ ಡೋಸ್ ಇವರಿಗೆ ಸಾಕಾಗುವುದಿಲ್ಲ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಬೆವರು, ನಡುಕ, ನಿದ್ದೆಗೇಡು ಬೇರೆ. ಇದನ್ನು ಅರಿವಳಿಕೆ ಡಾಕ್ಟರಿಗೆ ಮುಂಚೆಯೇ ಹೇಳಿದ್ದರಿಂದ ಎಷ್ಟೋ ತಲೆನೋವು ತಪ್ಪಿತು.

ತಯಾರಿ

ಆಪರೇಷನ್ ದಿನಾಂಕ ನಿಗದಿ ಆಗಿದ್ದು ಫ್ಯಾಕ್ಟರ್ ವಯಲ್‌ಗಳು ಆಸ್ಪತ್ರೆಯ ಫ್ರಿಜ್ ಸೇರಿದ ಮೇಲೆ. ಇದು ಹೀಗೇ ಆಗಬೇಕು. ಲೆಕ್ಕ ಸುಲಭ: ಒಂದು ಕಿಲೋ ತೂಕಕ್ಕೆ ಒಂದು ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ಮಟ್ಟ ಸುಮಾರು ಶೇಕಡಾ 2 ಏರುತ್ತದೆ. 62 ಕಿಲೋಗೆ 3000 ಯೂನಿಟ್ ಕೊಟ್ಟರೆ ಹತ್ತಿರ ಹತ್ತಿರ ನೂರಕ್ಕೆ ಬರುತ್ತದೆ. ಆದರೆ ಅದು 8ರಿಂದ 12 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ. ವಿಶ್ವ ಹಿಮೋಫಿಲಿಯಾ ಒಕ್ಕೂಟದ 2020ರ ಮಾರ್ಗಸೂಚಿಯಲ್ಲಿ ದೊಡ್ಡ ಆಪರೇಷನ್‌ಗೆ ಮುಂಚೆ 80ರಿಂದ 100, ಮೊದಲ ಮೂರು ದಿನ 60ರಿಂದ 80, ಆರನೇ ದಿನದವರೆಗೆ 40ರಿಂದ 60, ಎರಡು ವಾರದವರೆಗೆ 30ರಿಂದ 50 ಅಂತ ಇದೆ. ಫ್ಯಾಕ್ಟರ್ ಕಡಿಮೆ ಸಿಗುವ ಕಡೆಗೆ ಇದಕ್ಕಿಂತ ಕಡಿಮೆಯ ಇನ್ನೊಂದು ಲೆಕ್ಕವನ್ನೂ ಅದರಲ್ಲೇ ಕೊಟ್ಟಿದ್ದಾರೆ. ಅಂದಹಾಗೆ ಆ ಮಾರ್ಗಸೂಚಿಯ ಮೊದಲ ಲೇಖಕರು ಆಗ ನಮ್ಮ ಪಕ್ಕದ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದ್ದ ಡಾ. ಅಲೋಕ್ ಶ್ರೀವಾಸ್ತವ. ಬಡ ದೇಶದ ಆಸ್ಪತ್ರೆಯ ಕಷ್ಟ ಗೊತ್ತಿದ್ದವರು ಬರೆದದ್ದು ಅಂತ ಓದಿದರೇ ತಿಳಿಯುತ್ತದೆ.

ನಮ್ಮ ತಂಡ ಹಾಕಿಕೊಂಡ ಯೋಜನೆ ಇದು. ಆಪರೇಷನ್ ಬೆಳಿಗ್ಗೆ 3000, ಮೊದಲ ಮೂರು ದಿನ 8 ಗಂಟೆಗೊಮ್ಮೆ 1500, ಆಮೇಲೆ ಮೂರು ದಿನ 12 ಗಂಟೆಗೊಮ್ಮೆ 1500, ಏಳನೇ ದಿನದಿಂದ ಹದಿನಾಲ್ಕರವರೆಗೆ 12 ಗಂಟೆಗೊಮ್ಮೆ 1000. ಎಲ್ಲ ಸೇರಿ ನಲವತ್ತು ಸಾವಿರ ಯೂನಿಟ್ ಮೇಲೆ. ದುಡ್ಡು ಕೊಟ್ಟು ತರುವುದಾದರೆ ಯಾವ ಕಿರಾಣಿ ಅಂಗಡಿ ಸಂಬಳವೂ ಮುಟ್ಟುವುದಿಲ್ಲ. ಸರ್ಕಾರಿ ಸರಬರಾಜಿನಿಂದ ಬಂತು, ಅದಕ್ಕೆ ಕಾಗದ ಪತ್ರ ಓಡಾಡಿಸುವುದರಲ್ಲೇ ತಿಂಗಳುಗಳು ಹೋದವು. ಹಿಮೋಫಿಲಿಯಾವನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೇರಿಸಿರುವುದರಿಂದ ಅವರ ಹತ್ತಿರ ಪ್ರಮಾಣಪತ್ರವೂ ಇತ್ತು. ಈ ಡೋಸ್‌ಗಳು ಇವರ ತೂಕಕ್ಕೆ, ಇವರ ರಕ್ತಕ್ಕೆ ಹಾಕಿದ ಲೆಕ್ಕ, ಬೇರೆಯವರು ಹಾಗೇ ಎತ್ತಿಕೊಳ್ಳಬೇಡಿ. ಇನ್ಹಿಬಿಟರ್ ಇರುವವರದು, ಫ್ಯಾಕ್ಟರ್ 8ರ ಕೆಲಸವನ್ನು ತಾನೇ ಮಾಡುವ ಎಮಿಸಿಜುಮಾಬ್ ಔಷಧಿಯ ಮೇಲಿರುವವರದು ಬೇರೆಯೇ ದಾರಿ.

ನೋವಿನ ಪಟ್ಟಿ ತಯಾರಿಸುವಾಗ ಸ್ವಲ್ಪ ಜಗಳವೇ ಆಯಿತು. ಮಾಮೂಲಿ ಮಂಡಿ ಆಪರೇಷನ್ ಆದವರಿಗೆ ಡೈಕ್ಲೋಫೆನಾಕ್, ಕೀಟೊರೊಲಾಕ್ ಇಂಥವು ಬಹಳ ಕೆಲಸ ಮಾಡುತ್ತವೆ. ಇವರಿಗೆ ಅವು ಬೇಡವೇ ಬೇಡ. ಆಸ್ಪಿರಿನ್, ಐಬುಪ್ರೊಫೆನ್ ಕೂಡ ಇಲ್ಲ. ಹಾಗಾದರೆ ಸೆಲೆಕಾಕ್ಸಿಬ್? ಇದು ಪ್ಲೇಟ್‌ಲೆಟ್ ತಂಟೆಗೆ ಹೋಗುವುದಿಲ್ಲ, ಮಾರ್ಗಸೂಚಿಯೂ ಹುಷಾರಾಗಿ ಬಳಸಬಹುದು ಅನ್ನುತ್ತದೆ. ಸರ್ಜನ್‌ಗೆ ಅದು ಬೇಕಿತ್ತು. ರಕ್ತದ ಡಾಕ್ಟರ್ ಹಳೇ ಹುಣ್ಣಿನ ಕಥೆ ತೋರಿಸಿ ಬೇಡ ಅಂದರು. ಕೊನೆಗೆ ಬೇಡ ಅಂತಲೇ ಆಯಿತು. ನನಗೂ ಅದು ಸರಿ ಅನಿಸಿತು. ಆದರೆ ಅದಕ್ಕೆ ಬೆಲೆ ತೆರಲೇಬೇಕು, ಊತ ಇಳಿಸುವ ಒಂದು ಒಳ್ಳೆಯ ಔಷಧಿ ಕೈಬಿಟ್ಟಾಗ ಮಾರ್ಫಿನ್ ಕಡೆಗೆ ಭಾರ ಜಾಸ್ತಿ ಬೀಳುತ್ತದೆ.

ಉಳಿದದ್ದು ಪ್ಯಾರಸಿಟಮಾಲ್, ಲಿವರ್ ನೋಡಿಕೊಂಡು ದಿನಕ್ಕೆ 3 ಗ್ರಾಂ ಮೀರದ ಹಾಗೆ. ರಾತ್ರಿ ನರದ ನೋವಿಗೆ ಕೊಡುವ ಪ್ರಿಗಾಬಲಿನ್ 75 ಮಿಲಿಗ್ರಾಂ. ಮೊದಲ ಎರಡು ದಿನ ರೋಗಿಯೇ ಬಟನ್ ಒತ್ತಿ ತೆಗೆದುಕೊಳ್ಳುವ ಮಾರ್ಫಿನ್ ಪಂಪ್, ಆಮೇಲೆ ಮತ್ತೆ ಟ್ರಮಡಾಲ್. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಮಾರ್ಫಿನ್, ಟ್ರಮಡಾಲ್ ಕರುಳನ್ನು ಕಟ್ಟಿಹಾಕುತ್ತವೆ, ತಿಣುಕಿ ತಿಣುಕಿ ಮೂಲವ್ಯಾಧಿ ಒಡೆದರೆ ಅದು ಇನ್ನೊಂದು ಬ್ಲೀಡ್.

ಬೆನ್ನಿಗೆ ಇಂಜೆಕ್ಷನ್ ಕೊಡುವ ಅರಿವಳಿಕೆ ಬೇಡ ಅಂತ ಅರಿವಳಿಕೆ ಡಾಕ್ಟರ್ ತೀರ್ಮಾನಿಸಿದರು. ಫ್ಯಾಕ್ಟರ್ ಮಟ್ಟ ಸರಿಯಿದ್ದರೆ ಕೊಡುವವರು ಇದ್ದಾರೆ, ಆದರೆ ಬೆನ್ನುಹುರಿಯ ಪಕ್ಕ ರಕ್ತ ಕಟ್ಟಿದರೆ ಎರಡೂ ಕಾಲು ಹೋಗಬಹುದು, ಆ ಅಪಾಯ ಯಾಕೆ ಅಂತ. ಪೂರ್ತಿ ಅರಿವಳಿಕೆ ಕೊಟ್ಟು, ಮಂಡಿಯೊಳಗೆ ಸರ್ಜನ್ ಜೋಮು ಹಿಡಿಸುವ ಔಷಧಿ ಚುಚ್ಚಿ, ತೊಡೆಯ ಒಳಭಾಗದಲ್ಲಿ ಅಲ್ಟ್ರಾಸೌಂಡ್ ನೋಡಿಕೊಂಡು ಮಂಡಿಯ ನೋವಿನ ನರಕ್ಕೆ ಜೋಮು ಹಿಡಿಸುವ ಅಡಕ್ಟರ್ ಕೆನಾಲ್ ಬ್ಲಾಕ್ ಮಾಡಿ ಸಣ್ಣ ಕ್ಯಾಥೆಟರ್ ಬಿಟ್ಟರು. ತೊಡೆಯ ಮೇಲಿನ ಫೆಮೊರಲ್ ಬ್ಲಾಕ್ ಬದಲು ಇದನ್ನೇ ಆರಿಸಿದ್ದು ನಾನು ಬೇಡಿಕೊಂಡದ್ದಕ್ಕೂ ಹೌದು. ಇಪ್ಪತ್ತು ವರ್ಷ ಸರಿಯಾಗಿ ಬಳಸದ ತೊಡೆಯ ಸ್ನಾಯು ಮೊದಲೇ ಕಡ್ಡಿಯಾಗಿತ್ತು, ಇದ್ದಬದ್ದ ಬಲವನ್ನೂ ಫೆಮೊರಲ್ ಬ್ಲಾಕ್ ಮಲಗಿಸಿಬಿಟ್ಟರೆ ಮಾರನೇ ದಿನ ನಿಲ್ಲಿಸುವುದು ಹೇಗೆ? ಇದರ ಜೊತೆ, ಗಾಯದಲ್ಲಿ ಕಟ್ಟಿದ ಹೆಪ್ಪು ಕರಗದ ಹಾಗೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯಲು ಔಷಧಿ ಕೊಡಲಿಲ್ಲ, ಗಾಳಿ ತುಂಬುವ ಪಟ್ಟಿ ಮತ್ತು ಪಾದದ ವ್ಯಾಯಾಮ ಅಷ್ಟೇ.

ಮಂಚದ ತಲೆಕಡೆ ಕೆಂಪು ಅಕ್ಷರದಲ್ಲಿ ಒಂದು ಬೋರ್ಡ್ ಕಟ್ಟಿದೆವು: ಸೊಂಟಕ್ಕೆ ಇಂಜೆಕ್ಷನ್ ಇಲ್ಲ. ವಾರ್ಡಿನಲ್ಲಿ ನೋವು ಅಂದ ಕೂಡಲೇ ಸ್ನಾಯುವಿಗೆ ಒಂದು ಚುಚ್ಚುವುದು ರೂಢಿ. ನೈಟ್ ಡ್ಯೂಟಿಗೆ ಹೊಸ ಸಿಸ್ಟರ್ ಬಂದರೆ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಫ್ಯಾಕ್ಟರ್ ಇಲ್ಲದವರ ಸ್ನಾಯುವಿಗೆ ಸೂಜಿ ಹೋದರೆ ಒಳಗೆ ರಕ್ತ ಕಟ್ಟಿ ಗಡ್ಡೆಯಾಗುತ್ತದೆ.

ಆಸ್ಪತ್ರೆಯ ಹತ್ತು ದಿನ

ಆಪರೇಷನ್ ಚೆನ್ನಾಗಿ ಆಯಿತು. 25 ಡಿಗ್ರಿ ಮಡಚಿಕೊಂಡಿದ್ದ ಕಾಲನ್ನು ಟೇಬಲ್ ಮೇಲೆ 5 ಡಿಗ್ರಿಗೆ ತಂದರು. ಇಷ್ಟು ವರ್ಷ ಕುಗ್ಗಿದ್ದ ಮಂಡಿಯ ಹಿಂಭಾಗದ ಸ್ನಾಯು, ನರ ಎಲ್ಲ ಒಂದೇ ದಿನ ಎಳೆದುಕೊಂಡಿದ್ದವು. ಹಾಗಾಗಿ ಎದ್ದ ಮೇಲೆ ಅವರ ಮೊದಲ ದೂರು ಗಾಯದ್ದಲ್ಲ, ಮೀನಖಂಡದ್ದು. ಇಂಥ ಕಡೆ ಕಾಲಿನ ಹೊರಭಾಗದ ನರಕ್ಕೆ ಪೆಟ್ಟಾಗಿದೆಯಾ, ಪಾದ ಮೇಲಕ್ಕೆ ಎತ್ತುತ್ತಾರಾ, ಹೆಬ್ಬೆರಳ ಸಂದಿಯಲ್ಲಿ ಮುಟ್ಟಿದ್ದು ಗೊತ್ತಾಗುತ್ತಾ, ಬೆರಳು ಎಳೆದರೆ ಚೀರುತ್ತಾರಾ ಅಂತ ಪ್ರತಿ ಪಾಳಿಯಲ್ಲೂ ನೋಡಬೇಕು. ನೋವಿನ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿರುವಾಗಲೇ ಇದನ್ನು ಜಾಸ್ತಿ ನೋಡಬೇಕು, ಯಾಕೆಂದರೆ ಆಗ ರೋಗಿ ತಾನಾಗಿ ಹೇಳುವುದಿಲ್ಲ.

ಮೊದಲ ದಿನ ಬ್ಲಾಕ್ ಹಿಡಿದಿತ್ತು. ಅಂಚಿಗೆ ಕೂರಿಸಿದೆವು, ವಾಕರ್ ಹಿಡಿದು ನಿಂತರು, ನಕ್ಕರು ಕೂಡ. ಎರಡನೇ ದಿನ ಸಂಜೆ ಕ್ಯಾಥೆಟರ್ ತೆಗೆದರು, ಫ್ಯಾಕ್ಟರ್ ಡೋಸ್ ಹೋಗಿ ಅರ್ಧ ಗಂಟೆ ಆದ ಮೇಲೆ, ಅದೂ ಲೆಕ್ಕ ಹಾಕಿಯೇ. ಆ ರಾತ್ರಿ ಕಷ್ಟವಾಯಿತು. ಬೆಳಿಗ್ಗೆ ಹೋದಾಗ ಮುಖ ಸಪ್ಪೆ, ಹಾಸಿಗೆ ಬೆವರಿನಲ್ಲಿ ಒದ್ದೆ. ಚಾರ್ಟಿನಲ್ಲಿ ಮಾತ್ರ ನೋವು ಹತ್ತಕ್ಕೆ ಮೂರು. ಪಂಪಿನ ಲೆಕ್ಕ ನೋಡಿದರೆ ರಾತ್ರಿಯೆಲ್ಲಾ ಬಟನ್ ಒತ್ತಿದ್ದೇ ಬೆರಳೆಣಿಕೆಯಷ್ಟು.

ಇದನ್ನು ಹಿಮೋಫಿಲಿಯಾ ಇರುವ ಹಳಬರಲ್ಲಿ ಮತ್ತೆ ಮತ್ತೆ ನೋಡಿದ್ದೇನೆ. ನೋವು ಅಂದರೆ ಚಿಕ್ಕಂದಿನಲ್ಲಿ ಅಮ್ಮ ಅಳುತ್ತಿದ್ದಳು, ಅಪ್ಪ ಸಾಲ ಮಾಡುತ್ತಿದ್ದ, ಸ್ಕೂಲು ತಪ್ಪುತ್ತಿತ್ತು, ಬಸ್ಸು ಹತ್ತಿ ದೊಡ್ಡೂರಿಗೆ ಹೋಗಬೇಕಿತ್ತು. ಅದಕ್ಕೆ ಹೇಳದೇ ಇರುವುದನ್ನು ಕಲಿತುಬಿಡುತ್ತಾರೆ. ಅವರ ಮೂರು ಅಂದರೆ ನಮ್ಮ ಏಳೋ ಎಂಟೋ. ಇನ್ನೊಂದು ಭಯ, ಮಾರ್ಫಿನ್ ಚಟ ಹತ್ತುತ್ತದೆ ಅನ್ನೋದು. ಪಕ್ಕದ ಬೆಡ್ಡಿನವರು ಅದಕ್ಕೆ ಇನ್ನಷ್ಟು ಉಪ್ಪು ಖಾರ ಹಾಕಿದ್ದರು. ಎರಡು ದಿನದ ಪಂಪಿನಿಂದ ಚಟ ಹಿಡಿಯುವುದಿಲ್ಲ, ನೋವು ತಡೆದುಕೊಂಡು ಮಲಗಿದರೆ ಮಂಡಿ ಹಿಡಿಯುತ್ತದೆ ಅಂತ ಅವರ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಬೇಕಾಯಿತು. ಪಂಪನ್ನು ಇನ್ನೊಂದು ದಿನ ಮುಂದುವರಿಸಿದರು. ಜೊತೆಗೆ ಅವರ ಹಳೇ ಟ್ರಮಡಾಲ್ ಲೆಕ್ಕವನ್ನೂ ಸೇರಿಸಿ ಡೋಸ್ ಏರಿಸಿದರು. ಅವತ್ತಿನಿಂದ ನಾವು ಅಂಕ ಕೇಳುವುದನ್ನು ಬಿಟ್ಟೆವು. ಕೆಮ್ಮಿದಾಗ ಮುಖ ಹೇಗಾಗುತ್ತದೆ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಎಷ್ಟು ಎಳೆದುಕೊಳ್ಳುತ್ತಾರೆ, ಒಂದೇ ಸಮನೆ ಎಷ್ಟು ಗಂಟೆ ನಿದ್ದೆ ಮಾಡಿದರು, ಇದನ್ನೇ ಬರೆದೆವು. ನನ್ನ ಮಟ್ಟಿಗೆ ಇಂಥ ರೋಗಿಗೆ ಸೊನ್ನೆಯಿಂದ ಹತ್ತರ ಅಂಕಪಟ್ಟಿ ಕೆಲಸಕ್ಕೆ ಬರುವುದಿಲ್ಲ.

ಫಿಸಿಯೋ ಹೊತ್ತನ್ನು ಫ್ಯಾಕ್ಟರ್ ಹೊತ್ತಿಗೆ ಕಟ್ಟಿಹಾಕಿದೆವು. ಮೊದಮೊದಲು ನನ್ನ ಡ್ಯೂಟಿ ಅನುಕೂಲಕ್ಕೆ 11 ಗಂಟೆ ಅಂತ ಇತ್ತು. ಅದನ್ನು ಬದಲಿಸಿ, ಬೆಳಿಗ್ಗೆ 7ಕ್ಕೆ ಪ್ಯಾರಸಿಟಮಾಲ್, 8ಕ್ಕೆ ಫ್ಯಾಕ್ಟರ್, 8.30ಕ್ಕೆ ಫಿಸಿಯೋ, ಮುಗಿದ ಕೂಡಲೇ ಬಟ್ಟೆ ಸುತ್ತಿದ ಐಸ್ ಪ್ಯಾಕ್ ಕಾಲು ಗಂಟೆ. ಸಂಜೆಯೂ ಇದೇ ಸಾಲು. ಫ್ಯಾಕ್ಟರ್ ಎತ್ತರದಲ್ಲಿ ಇರುವಾಗ ಬಗ್ಗಿಸಿದರೆ ಬರುವ ನೋವು ಎಳೆತದ ನೋವು, ನಿಲ್ಲಿಸಿದ ಹತ್ತು ನಿಮಿಷಕ್ಕೆ ಇಳಿಯುತ್ತದೆ. ಫ್ಯಾಕ್ಟರ್ ತಳ ಕಂಡಾಗ ಬಗ್ಗಿಸಿದರೆ ನೋವು ಗಂಟೆ ಕಳೆದಂತೆ ಏರುತ್ತದೆ, ಮಂಡಿ ಬಿಸಿಯಾಗುತ್ತದೆ. ಈ ವ್ಯತ್ಯಾಸವನ್ನು ಅವರಿಗೇ ಕಲಿಸಿದೆವು. ಅಂದಹಾಗೆ ಅವರಿಗೆ ಇದು ನಮಗಿಂತ ಬೇಗ ಅರ್ಥವಾಯಿತು. ಬ್ಲೀಡ್ ಶುರುವಾಗುವ ಮುಂಚೆ ಕೀಲಿನೊಳಗೆ ಜುಮ್ ಜುಮ್ ಅನ್ನುವುದನ್ನು ಅವರು ನಲವತ್ತು ವರ್ಷದಿಂದ ಬಲ್ಲರು.

ಬೆಳಗಿನ ಡೋಸಿಗೆ ಮುಂಚೆ ರಕ್ತ ತೆಗೆದು ಫ್ಯಾಕ್ಟರ್ ಮಟ್ಟ ನೋಡುತ್ತಿದ್ದರು. ಮೂರನೇ ದಿನ 62 ಇತ್ತು, ಐದನೇ ದಿನ 38. ಆರನೇ ದಿನಕ್ಕೆ ಮಂಡಿ 70 ಡಿಗ್ರಿ, ಹತ್ತನೇ ದಿನ 80. ಗಾಯ ಒಣಗುತ್ತಿತ್ತು. ಹದಿನಾಲ್ಕರವರೆಗೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳೋಣ ಅಂತ ಒಂದು ಅಭಿಪ್ರಾಯ ಇತ್ತು. ಆದರೆ ಬೆಡ್ ಬೇಕಿತ್ತು, ಅವರಿಗೂ ಮನೆ ಬೇಕಿತ್ತು. ಉಳಿದ ಡೋಸ್‌ಗಳನ್ನು ಊರ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡಿಸುವ ಏರ್ಪಾಡು ಮಾಡಿ ಹತ್ತನೇ ದಿನ ಕಳಿಸಿದರು. ಕಳಿಸುವಾಗ 1000 ಯೂನಿಟ್‌ನ ಎರಡು ವಯಲ್ ಅವರ ಮನೆಯ ಫ್ರಿಜ್ಜಿಗೆ ಹೋಗಲೇಬೇಕು ಅಂತ ರಕ್ತದ ಡಾಕ್ಟರ್ ಪಟ್ಟು ಹಿಡಿದರು. ಪಟ್ಟು ಹಿಡಿದದ್ದು ಒಳ್ಳೆಯದಾಯಿತು.

ಭಾನುವಾರ

ಶನಿವಾರ ಸಂಜೆಯ ಡೋಸ್ ಆಯಿತು. ಭಾನುವಾರ ಬೆಳಿಗ್ಗೆ ಹೋದರೆ ಫ್ಯಾಕ್ಟರ್ ಇಟ್ಟಿರುವ ಕೋಣೆಗೆ ಬೀಗ, ಕೀಲಿ ಇರುವವರು ರಜೆ. ಸಂಜೆ ಬನ್ನಿ ಅಂದರು. ಸಂಜೆಯೂ ಅದೇ ಕಥೆ, ನಾಳೆ ಬನ್ನಿ, ಒಂದು ದಿನಕ್ಕೆ ಏನೂ ಆಗಲ್ಲ ಅಂತ ಸಮಾಧಾನ ಬೇರೆ. ಎರಡು ಡೋಸ್ ತಪ್ಪಿತು. ಮನೆಯ ವಯಲ್ ಯಾಕೆ ಹಾಕಿಕೊಳ್ಳಲಿಲ್ಲ ಅಂತ ಆಮೇಲೆ ಕೇಳಿದೆ. 'ಅದು ತುರ್ತಿಗೆ ಅಂದಿದ್ದರಲ್ಲ ಸಾರ್, ಇದು ತುರ್ತಲ್ಲ ಅಂದುಕೊಂಡೆ' ಅಂದರು. ಇದಕ್ಕೆ ಏನು ಹೇಳೋದು? ಬಾಯಲ್ಲಿ ಹೇಳಿ ಕಳಿಸಿದರೆ ಸಾಲದು, ಚೀಟಿಯಲ್ಲಿ ಬರೆದು ಕಳಿಸಬೇಕು.

ರಾತ್ರಿ ಎರಡರ ಹೊತ್ತಿಗೆ ಎಚ್ಚರವಾಯಿತಂತೆ. ಮಂಡಿ ಬಿಗಿದು ಬಿಸಿಯಾಗಿತ್ತು. 80 ಡಿಗ್ರಿ ಬಗ್ಗುತ್ತಿದ್ದದ್ದು ಅರ್ಧಕ್ಕೆ ನಿಂತಿತ್ತು. ಟ್ರಮಡಾಲ್ ನುಂಗಿ ಒಂದು ಗಂಟೆ ಆದರೂ ನೋವು ಜಗ್ಗಲಿಲ್ಲ. ಲೆಕ್ಕ ಹಾಕಿದರೆ ಆ ಹೊತ್ತಿಗೆ ಅವರ ಫ್ಯಾಕ್ಟರ್ ಮಟ್ಟ ಹತ್ತಕ್ಕಿಂತ ಕೆಳಗೆ ಇಳಿದಿರುತ್ತದೆ, ಆಪರೇಷನ್ ಆಗಿ ಎರಡು ವಾರ ತುಂಬದ ಮಂಡಿಗೆ ಇದು ಏನೇನೂ ಸಾಲದು. ಮನೆಯವರು ಗಾಬರಿಯಾಗಿ ಹತ್ತಿರದಲ್ಲಿ ಇಂಜೆಕ್ಷನ್ ಕೊಡುವ ಒಬ್ಬರನ್ನು ಕರೆಸಿದರು. ಬಂದವರು ಬ್ಯಾಗು ತೆರೆದು ಡೈಕ್ಲೋಫೆನಾಕ್ ಇಂಜೆಕ್ಷನ್ ತೆಗೆದು, ತಿರುಗಿ ಮಲಗಿ ಅಂದರು. ಇವರು ಮಲಗಲಿಲ್ಲ. ಅದರ ಬದಲು ಫ್ರಿಜ್ಜಿನಿಂದ ಎರಡೂ ವಯಲ್ ತರಿಸಿ, ಕೈಯಲ್ಲಿ ಬೆಚ್ಚಗೆ ಮಾಡಿ, ನಿಧಾನಕ್ಕೆ ಕಲಸಿ, ತಾವೇ ನರ ಹುಡುಕಿ 2000 ಯೂನಿಟ್ ಹಾಕಿಕೊಂಡರು. ಐಸ್ ಇಟ್ಟು ಕಾಲು ಮೇಲೆತ್ತಿ ಮಲಗಿದರು. ಬೆಳಿಗ್ಗೆ ಆರಕ್ಕೆ ನನಗೆ ಫೋನ್ ಬಂದಾಗ ಊತ ಹಾಗೇ ಇತ್ತು, ನೋವು ಅರ್ಧಕ್ಕೆ ಇಳಿದಿತ್ತು. ಗಮನಿಸಿ, ಆ ಹೊತ್ತಿನಲ್ಲಿ ಬೇರೆ ಯಾವ ನೋವಿನ ಔಷಧಿಯನ್ನೂ ಸೇರಿಸಿರಲಿಲ್ಲ.

ಮತ್ತೆ ಆಸ್ಪತ್ರೆಗೆ ಕರೆಸಿಕೊಂಡರು. ಅಲ್ಟ್ರಾಸೌಂಡಿನಲ್ಲಿ ಮಂಡಿಯೊಳಗೆ ದ್ರವ ಕಂಡಿತು. ಹಿಮೋಗ್ಲೋಬಿನ್ ಸ್ವಲ್ಪ ಇಳಿದಿತ್ತು. ಜ್ವರ ಇಲ್ಲ, ಗಾಯ ಒಣಗಿದೆ, ಕೀವಿನ ಲಕ್ಷಣ ಇಲ್ಲ. ಹಿಮೋಫಿಲಿಯಾ ಇರುವವರ ಕೃತಕ ಮಂಡಿಯಲ್ಲಿ ಸೋಂಕಿನ ಅಪಾಯ ಬೇರೆಯವರಿಗಿಂತ ಜಾಸ್ತಿ, ಹಾಗಾಗಿ ಆ ಅನುಮಾನವನ್ನು ಮೊದಲೇ ಬಗೆಹರಿಸಿಕೊಳ್ಳಬೇಕು. ಡಾಪ್ಲರ್ ಸ್ಕ್ಯಾನ್ ಮಾಡಿ ಕಾಲಿನ ರಕ್ತನಾಳದಲ್ಲಿ ಹೆಪ್ಪು ಇಲ್ಲ, ಮಂಡಿಯ ಸುತ್ತಲಿನ ರಕ್ತನಾಳ ಗುಳ್ಳೆ ಕಟ್ಟಿಲ್ಲ ಅಂತ ನೋಡಿದರು. ಈ ಗುಳ್ಳೆ ಅಪರೂಪ, ಆದರೆ ಫ್ಯಾಕ್ಟರ್ ಸರಿಯಾಗಿ ಕೊಡುತ್ತಿದ್ದರೂ ಮಂಡಿ ಪದೇ ಪದೇ ಊದುತ್ತಿದ್ದರೆ ಅದನ್ನು ಹುಡುಕಲೇಬೇಕು. ಇನ್ಹಿಬಿಟರ್ ಟೆಸ್ಟ್ ಕೂಡ ಮತ್ತೆ ಮಾಡಿದರು. ಕೆಲವೇ ದಿನದಲ್ಲಿ ಇಷ್ಟೊಂದು ಫ್ಯಾಕ್ಟರ್ ಮೈಗೆ ಹೋದಾಗ ಅದರ ವಿರುದ್ಧ ಪ್ರತಿಕಾಯ ಹುಟ್ಟುವ ಸಾಧ್ಯತೆ ಇರುತ್ತದೆ, ಹುಟ್ಟಿದರೆ ಕೊಟ್ಟ ಫ್ಯಾಕ್ಟರ್ ಎಲ್ಲ ನೀರಿಗೆ. ಇವರಿಗೆ ಇರಲಿಲ್ಲ.

ಸೂಜಿ ಹಾಕಿ ರಕ್ತ ಎಳೆದುಬಿಡೋಣವಾ ಅನ್ನೋ ಮಾತು ಬಂತು. ಎಳೆದರೆ ಬಿಗಿತ ಕೂಡಲೇ ಕಡಿಮೆಯಾಗುತ್ತದೆ, ನಿಜ. ಆದರೆ ಹೊಸ ಲೋಹದ ಕೀಲಿನೊಳಗೆ ಸೂಜಿ ಅಂದರೆ ಸೋಂಕಿಗೆ ಬಾಗಿಲು ತೆರೆದ ಹಾಗೆ. ಚರ್ಮ ಬಿಗಿದು ಹೊಳೆಯುತ್ತಿರಲಿಲ್ಲ, ಪಾದದ ಸ್ಪರ್ಶ ಸರಿಯಿತ್ತು, ಹಾಗಾಗಿ ಬೇಡ ಅಂದರು. ಮೂರು ದಿನ ಫ್ಯಾಕ್ಟರ್ ಮಟ್ಟವನ್ನು 50ರ ಮೇಲೆ ಇಟ್ಟು, ಎರಡು ದಿನ ಬಗ್ಗಿಸುವುದನ್ನು ನಿಲ್ಲಿಸಿ ಬ್ರೇಸ್ ಹಾಕಿ, ಆಮೇಲೆ ತೊಡೆ ಬಿಗಿ ಹಿಡಿದು ಬಿಡುವ ವ್ಯಾಯಾಮದಿಂದ ಮತ್ತೆ ಶುರು ಮಾಡಿದೆವು. ವಾರದೊಳಗೆ ಊತ ಇಳಿಯಿತು. ಕಳೆದುಕೊಂಡ ಡಿಗ್ರಿ ವಾಪಸ್ ಪಡೆಯಲು ಮಾತ್ರ ತಿಂಗಳು ಹಿಡಿಯಿತು.

ಆ ರಾತ್ರಿ ಸೊಂಟಕ್ಕೆ ಇಂಜೆಕ್ಷನ್ ಬಿದ್ದಿದ್ದರೆ ಏನಾಗುತ್ತಿತ್ತು? ಬಹುಶಃ ನೋವು ಸ್ವಲ್ಪ ಇಳಿದು ಬೆಳಗಿನವರೆಗೆ ನಿದ್ದೆ ಬರುತ್ತಿತ್ತು, ಅಷ್ಟು ಹೊತ್ತೂ ಮಂಡಿಯೊಳಗೆ ರಕ್ತ ತುಂಬುತ್ತಲೇ ಇರುತ್ತಿತ್ತು, ಜೊತೆಗೆ ಸೊಂಟದ ಸ್ನಾಯುವಿನಲ್ಲಿ ಇನ್ನೊಂದು ಕಡೆ ಶುರುವಾಗುತ್ತಿತ್ತು.

ಆಮೇಲಿನ ತಿಂಗಳುಗಳು

ಮೂರನೇ ವಾರ ಇನ್ನೊಂದು ಕಡೆಯಿಂದ ನೋವು ಎದ್ದಿತು, ಎಡ ಮೊಣಕೈಯಿಂದ. ವಾಕರ್ ಮೇಲೆ ಇಡೀ ಮೈಭಾರ ಹಾಕಿ ಹಾಕಿ, ಮೊದಲೇ ಹಾಳಾಗಿದ್ದ ಆ ಕೀಲು ಊದಿತ್ತು. ಹಿಮೋಫಿಲಿಯಾದಲ್ಲಿ ಮಂಡಿ ಒಂದೇ ಕೆಟ್ಟಿರುವುದಿಲ್ಲ ಅನ್ನೋದನ್ನು ಸರ್ಜರಿ ವಾರ್ಡ್ ಸುಲಭವಾಗಿ ಮರೆಯುತ್ತದೆ. ಮುಂಗೈ ಪೂರ್ತಿ ಊರುವ ಪಟ್ಟಿ ಇರುವ ವಾಕರ್ ಕೊಡಿಸಿದ ಮೇಲೆ ಮೊಣಕೈ ಸುಮ್ಮನಾಯಿತು.

ಎರಡು ವಾರ ಕಳೆದ ಮೇಲೆ ಫಿಸಿಯೋ ಇರುವ ದಿನಗಳಲ್ಲಿ ಮಾತ್ರ 1000 ಯೂನಿಟ್, ವಾರಕ್ಕೆ ಮೂರು ಸಲ. ಇದನ್ನು ಬೇಡ ಅನ್ನುವವರಿದ್ದಾರೆ, ಇಷ್ಟು ಫ್ಯಾಕ್ಟರ್ ಎಲ್ಲಿಂದ ತರೋದು ಅಂತ. ಅವರ ಕಷ್ಟ ನನಗೂ ಗೊತ್ತು. ಆದರೆ ಫ್ಯಾಕ್ಟರ್ ಇಲ್ಲದೆ ಮಂಡಿ ಬಗ್ಗಿಸಿ ಬ್ಲೀಡ್ ಆದರೆ ಅದರ ಹಲವು ಪಟ್ಟು ಫ್ಯಾಕ್ಟರ್ ಅದನ್ನು ನಿಲ್ಲಿಸುವುದಕ್ಕೇ ಹೋಗುತ್ತದೆ, ಈ ಕೇಸಿನಲ್ಲೇ ಕಣ್ಣಾರೆ ಕಂಡೆವಲ್ಲ.

ಟ್ರಮಡಾಲ್ ಬಿಡಿಸುವುದು ಆಪರೇಷನ್‌ಗಿಂತ ನಿಧಾನದ ಕೆಲಸ. ಆರನೇ ವಾರದಿಂದ ಒಂದೊಂದೇ ಮಾತ್ರೆ ಇಳಿಸುತ್ತಾ ಬಂದರು. ಕೊನೆಯ ಮಾತ್ರೆ, ರಾತ್ರಿಯದ್ದು, ಬಹಳ ದಿನ ಅಂಟಿಕೊಂಡಿತ್ತು. ಅದು ನೋವಿಗೆ ಬೇಕಿರಲಿಲ್ಲ, ನಿದ್ದೆಗೆ ಬೇಕಿತ್ತು ಅಂತ ಅವರೇ ಒಪ್ಪಿಕೊಂಡರು. ನಾಲ್ಕನೇ ತಿಂಗಳಿಗೆ ಅದೂ ಹೋಯಿತು. ಪ್ರಿಗಾಬಲಿನ್ ಅದಕ್ಕೂ ಮುಂಚೆಯೇ ನಿಂತಿತ್ತು.

ವರ್ಷದ ಕೊನೆಗೆ ಮಂಡಿ 5ರಿಂದ 85 ಡಿಗ್ರಿ. ಬೇರೆ ಕಾರಣಕ್ಕೆ ಮಂಡಿ ಬದಲಿಸಿಕೊಂಡವರು ನೂರು, ನೂರಹತ್ತು ಬಗ್ಗಿಸುತ್ತಾರೆ. ಹಿಮೋಫಿಲಿಯಾ ಮಂಡಿಯಲ್ಲಿ ಸಾಮಾನ್ಯವಾಗಿ ಸಿಗುವ ದೊಡ್ಡ ಲಾಭ ನೋವು ಹೋಗುವುದು, ಬಗ್ಗುವಿಕೆ ಅಷ್ಟೊಂದು ಹೆಚ್ಚುವುದಿಲ್ಲ. ಇದನ್ನು ಮುಂಚೆಯೇ ಬಿಡಿಸಿ ಹೇಳಿದ್ದೆವು. ಪಂಕ್ತಿಯಲ್ಲಿ ನೆಲಕ್ಕೆ ಕೂತು ಊಟ ಆಗಲ್ಲ, ಇಂಡಿಯನ್ ಟಾಯ್ಲೆಟ್ ಆಗಲ್ಲ ಅಂತ. ಆದರೂ ಮದುವೆಮನೆಯಲ್ಲಿ ಕುರ್ಚಿ ಹಾಕಿಸಿಕೊಂಡು ಒಬ್ಬರೇ ಕೂರುವುದು ಅವರಿಗೆ ಇವತ್ತಿಗೂ ಮುಜುಗರ. ರಾತ್ರಿ ನೋವಿಗೆ ಏಳುವುದು ಪೂರ್ತಿ ನಿಂತಿದೆ, ಅಂಗಡಿಗೆ ನಡೆದೇ ಹೋಗುತ್ತಾರೆ, ಸರ್ಕಾರಿ ಬಸ್ಸಿನ ಮೆಟ್ಟಿಲು ಮಾತ್ರ ಇನ್ನೂ ಎತ್ತರವೇ.

ಈಗ ಎಡ ಮಂಡಿಗೆ ತಯಾರಿ ನಡೆದಿದೆ. ಕಾಗದ ಕೊಟ್ಟಾಗಿದೆ, ವಯಲ್ ಬರಬೇಕು. ಈ ಸಲ ಹದಿನಾಲ್ಕು ದಿನವೂ ಆಸ್ಪತ್ರೆಯಲ್ಲೇ ಇರುತ್ತೇನೆ ಅಂತ ಅವರೇ ಹೇಳಿದ್ದಾರೆ, ಮುಂಗೈ ಊರುವ ವಾಕರ್ ಮೊದಲ ದಿನವೇ ಬರುತ್ತದೆ. ಊರಿಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ರಜಾ ದಿನ ಫ್ಯಾಕ್ಟರ್ ಕೋಣೆಯ ಕೀಲಿ ಯಾರ ಹತ್ತಿರ ಇರುತ್ತದೆ ಅನ್ನುವುದಕ್ಕೆ ಒಂದು ಸಾಲು ಸೇರಿಸಿದ್ದೇವೆ. ಅದರ ಕೆಳಗೆ ಇನ್ನೊಂದು ಸಾಲು: ಡೋಸ್ ತಪ್ಪಿದರೆ ಅದೇ ತುರ್ತು, ಮನೆಯ ವಯಲ್ ಹಾಕಿಕೊಳ್ಳಿ, ಆಮೇಲೆ ಫೋನ್ ಮಾಡಿ.